ಮೂರನೇ ವಾರದ ಕೇರಂ

ನನಗೊಂದು ಕೆಟ್ಟ ಅಭ್ಯಾಸವಿದೆ. ಮೇಜಿನ ಮೇಲೆ ದುಂಡಗಿನ ವಸ್ತು ಏನು ಕಂಡರೂ ಬಲಗೈಯ ತೋರುಬೆರಳು ತಾನಾಗಿ ಮಡಚಿಕೊಂಡು ಹೆಬ್ಬೆರಳಿಗೆ ಆತು ನಿಲ್ಲುತ್ತದೆ. ಆಮೇಲೆ ನಡೆಯುವುದಕ್ಕೆ ನಾನು ಜವಾಬ್ದಾರಳಲ್ಲ. ಬಟಾಣಿ ಕಾಳು, ಶರ್ಟಿನ ಗುಂಡಿ, ಬಾಟಲಿಯ ಮುಚ್ಚಳ ಎಲ್ಲವೂ ಹಾರಿವೆ. ಒಮ್ಮೆ ಶಾಲೆಯ ಸ್ಟಾಫ್ ರೂಮಿನಲ್ಲಿ ಮುಖ್ಯೋಪಾಧ್ಯಾಯರು ಶಿಸ್ತಿನ ಕುರಿತು ಗಂಭೀರವಾಗಿ ಮಾತನಾಡುತ್ತಿದ್ದಾಗ ನನ್ನ ಬೆರಳಿನಿಂದ ಹೊರಟ ಸೀಮೆಸುಣ್ಣದ ತುಂಡೊಂದು ಸೀದಾ ಅವರ ಚಹಾದ ಕಪ್ಪಿಗೆ ಬಿತ್ತು. ಅವರು ಕಪ್ಪನ್ನೂ ನನ್ನನ್ನೂ ಒಂದೇ ರೀತಿ ನೋಡಿದರು. ನಾನು ಗಣಿತದ ಟೀಚರು. ಕೋನ ಲೆಕ್ಕ ಹಾಕಿಯೇ ಹೊಡೆದದ್ದು ಎಂದು ಅವರಿಗೆ ಈಗಲೂ ಗುಮಾನಿ.

ಕೀಮೋ ನಡೆಯುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ವಾಂತಿ ಬಾರದಿರಲು ಕೊಟ್ಟ ಬಿಳಿ ಮಾತ್ರೆ ಮೇಜಿನ ಮೇಲಿತ್ತು. ಎದುರಿಗೆ ನನ್ನ ಯಜಮಾನರು ಇಡ್ಲಿ ತಿನ್ನುತ್ತಿದ್ದರು. ಮಾತ್ರೆ ಅವರ ಸಾಂಬಾರಿನ ಬಟ್ಟಲಿಗೆ ಬಿದ್ದು ಮುಳುಗಿತು. ಬೇರೆ ಯಾರಾದರೂ ಬೈಯುತ್ತಿದ್ದರು. ಇವರು ಚಮಚದಿಂದ ಅದನ್ನು ಹುಡುಕುತ್ತ, "ಶಾಟ್ ಚಲೋ ಇತ್ತು. ಆದ್ರೆ ಇದು ನಿನ್ ಮಾತ್ರೆ, ನಾ ತಿಂದ್ರೆ ಎಂತ ಆತದೆ?" ಎಂದರು. ಇನ್ನೊಂದು ಮಾತ್ರೆ ತಂದುಕೊಟ್ಟರು, ಈ ಸಲ ನೇರವಾಗಿ ನನ್ನ ಅಂಗೈಯ ಮೇಲೆ.

ಈ ಚಾಳಿ ನನಗೆ ಅಂಟಿದ್ದು ಕುಮಟೆಯ ತವರುಮನೆಯಲ್ಲಿ. ಇಬ್ಬರು ಅಣ್ಣಂದಿರ ಬೆನ್ನಿಗೆ ಹುಟ್ಟಿದವಳಿಗೆ ಗೊಂಬೆ ಸಿಗುವುದಿಲ್ಲ, ಕೇರಂ ಸಿಗುತ್ತದೆ. ನಮ್ಮ ಬೋರ್ಡಿಗೆ ಸ್ಟ್ಯಾಂಡ್ ಇರಲಿಲ್ಲ, ಅಕ್ಕಿ ಡಬ್ಬಿಯ ಮೇಲೆ ಇಡುತ್ತಿದ್ದೆವು. ಆಟ ರಂಗೇರಿದ ಹೊತ್ತಿಗೇ ಅಮ್ಮನಿಗೆ ಅಕ್ಕಿ ಬೇಕಾಗುತ್ತಿತ್ತು. ನಿದ್ದೆ ಹೋದ ಮಗುವನ್ನು ಎತ್ತಿದ ಹಾಗೆ ಮೂವರೂ ಸೇರಿ ಬೋರ್ಡನ್ನು ಮಂಚಕ್ಕೆ ಸಾಗಿಸುತ್ತಿದ್ದೆವು. ಎಷ್ಟು ಜೋಪಾನ ಮಾಡಿದರೂ ಒಂದೆರಡು ಕಾಯಿ ಜಾರಿ, ಅವು ಮೊದಲು ಎಲ್ಲಿದ್ದವು ಎಂಬುದರ ಮೇಲೆ ಮಧ್ಯಾಹ್ನದ ಊಟದ ತನಕ ಜಗಳ. ಮಳೆಗಾಲದಲ್ಲಿ ಬೋರ್ಡು ತಂಡಿಗೆ ಉಬ್ಬಿ, ಕಾಯಿಗಳು ದಾರಿಯ ಮಧ್ಯೆ ಸುಸ್ತಾಗಿ ಕೂತುಬಿಡುತ್ತಿದ್ದವು. ದೊಡ್ಡಣ್ಣ ಅದನ್ನು ಒಲೆಯ ಹತ್ತಿರ ಒರಗಿಸಿ ಒಣಗಿಸುತ್ತಿದ್ದ. ಜೂನ್ ತಿಂಗಳ ನಮ್ಮ ಕೇರಂಗೆ ಹೊಗೆಯ ವಾಸನೆ, ಒಣಮೀನಿನ ವಾಸನೆ. ಪೌಡರ್ ಎಂದರೆ ಅಪ್ಪನ ಕುತ್ತಿಗೆಯ ಪೌಡರ್. ಅಪ್ಪ ಡಬ್ಬಿಯನ್ನು ಬಚ್ಚಿಟ್ಟ ಮೇಲೆ ಅಕ್ಕಿಹಿಟ್ಟು ಹಾಕಿ ನೋಡಿದೆವು. ಕಾಯಿಗಿಂತ ಮೊದಲು ಇರುವೆಗಳು ಪಾಕೆಟ್ಟಿಗೆ ಹೋದವು.

ನನ್ನನ್ನು ನೋಡಲು ಹೊನ್ನಾವರದಿಂದ ಇವರು ಬಂದಾಗಲೂ ಬೋರ್ಡು ಗೋಡೆಗೆ ಒರಗಿತ್ತು. ಉಪ್ಪಿಟ್ಟು ತಿಂದು ಕೈ ತೊಳೆದವರು, "ಇದ್ನ ಯಾರ್ ಆಡ್ತ್ರು?" ಎಂದರು. ಅಣ್ಣಂದಿರು ನನ್ನ ಕಡೆ ಬೆರಳು ಮಾಡಿದರು. ಬಂದರಿನ ಹತ್ತಿರದ ಯುವಕ ಸಂಘದಲ್ಲಿ ಇವರದ್ದು ದೊಡ್ಡ ಹೆಸರಂತೆ, ಕಾಯಿಯ ಅಂಚಿಗೆ ತಾಗಿಸಿ ಓರೆಯಾಗಿ ಕಳಿಸುವ ಅಡ್ಡ ಕಟ್ ಹೊಡೆಯುವುದರಲ್ಲಿ. ಹಿರಿಯರು ಜಾತಕ ಮಾತಾಡುತ್ತಿದ್ದ ಹೊತ್ತಿನಲ್ಲಿ ನಾವಿಬ್ಬರೂ ಒಂದು ಬೋರ್ಡ್ ಆಡಿದೆವು. ನಾನು ಗೆದ್ದೆ. ಮರುವಾರ ಒಪ್ಪಿಗೆ ಬಂತು. ಮದುವೆಯಾಗಿ ಭಟ್ಕಳಕ್ಕೆ ಬಂದೆವು, ಇವರು ಬ್ಯಾಟರಿ ಅಂಗಡಿ ಹಾಕಿದರು, ನನಗೆ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು, ಮಗಳು ಹುಟ್ಟಿ ಬೆಳೆದು ಧಾರವಾಡದಲ್ಲಿ ಓದಲು ಹೋದಳು. ಈ ಎಲ್ಲದರ ನಡುವೆ ಭಾನುವಾರದ ಸಂಜೆಗಳಲ್ಲಿ ನಾವು ಕೇರಂ ಆಡುತ್ತಲೇ ಇದ್ದೆವು.

ಕಾಯಿಲೆಯ ಕತೆಯನ್ನು ಬೆಳೆಸುವುದಿಲ್ಲ. ಸ್ನಾನ ಮಾಡುವಾಗ ಎಡಗಡೆ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಆ ಎದೆಯನ್ನೇ ತೆಗೆದರು, ಆಮೇಲೆ ಕೀಮೋ ಎಂದರು. ಆಪರೇಷನ್ ಆದ ಕಡೆಯ ಕೈಗೆ ಸೂಜಿ ಚುಚ್ಚುವ ಹಾಗಿಲ್ಲ, ಆದ್ದರಿಂದ ಎಲ್ಲ ಸೂಜಿಯೂ ಬಲಗೈಗೇ. ಮೊದಲ ದಿನ ನರ್ಸಮ್ಮ ಅಂಗೈ ಹಿಂಬದಿಯಲ್ಲಿ ನರ ಹುಡುಕತೊಡಗಿದಾಗ ನಾನು, "ಸಿಸ್ಟರ್, ಬೆರಳಿನ ಹತ್ರ ಬೇಡ, ಸ್ವಲ್ಪ ಮೇಲೆ ಹಾಕಿ" ಎಂದೆ.

"ಎಂತಕ್ಕೆ? ವೀಣೆ ನುಡಿಸ್ತೀರಾ?"

"ಇಲ್ಲ. ಕೇರಂ."

ಆಕೆ ನಕ್ಕು ಮೇಲೆಯೇ ಹಾಕಿದಳು. ಆಮೇಲೆ ಪ್ರತಿಸಲವೂ ಆ ವಾರ್ಡಿನಲ್ಲಿ ನಾನು "ಕೇರಂ ಟೀಚರ್" ಆದೆ.

ಮೂರು ವಾರಕ್ಕೊಂದು ಕೀಮೋ. ಮೊದಲ ವಾರ ನಾನು ಮನುಷ್ಯಳಾಗಿರುತ್ತಿರಲಿಲ್ಲ, ಹಾಸಿಗೆಯ ಒಂದು ಭಾಗವಾಗಿರುತ್ತಿದ್ದೆ. ನೀರಿಗೂ ತುಕ್ಕಿನ ರುಚಿ. ಪಕ್ಕದ ಮನೆಯ ಒಗ್ಗರಣೆಯ ವಾಸನೆ ಕಿಟಕಿಯಿಂದ ಬಂದರೆ ಮುಖಕ್ಕೆ ದಿಂಬು ಒತ್ತಿಕೊಳ್ಳುತ್ತಿದ್ದೆ. ಎರಡನೇ ವಾರ ಎದ್ದು ಕೂರುತ್ತಿದ್ದೆ. ಗಂಜಿಗೆ ಮುರುಗಲ ಹುಳಿ ಹಿಂಡಿಕೊಂಡರೆ ನಾಲಿಗೆಗೆ ಸ್ವಲ್ಪ ಜೀವ ಬರುತ್ತಿತ್ತು. ಮೂರನೇ ವಾರ ಬಂತೋ, ಅದು ನನ್ನದು! ಒಂದು ದಿನ ಬೆಳಿಗ್ಗೆ ಎದ್ದಾಗ ಚಹಾ ಚಹಾದಂತೆಯೇ ಇರುತ್ತಿತ್ತು. ಅಷ್ಟೇ ಗುರುತು. ಆ ಚಹಾ ಕುಡಿದು ಬೋಳುತಲೆಗೆ ಹತ್ತಿಯ ಬಟ್ಟೆ ಸುತ್ತಿಕೊಂಡು ನಾನು ಬಾಗಿಲ ಹಿಂದಿನ ಮೊಳೆಯಿಂದ ಬೋರ್ಡನ್ನು ಇಳಿಸುತ್ತಿದ್ದೆ.

ಅಂಥ ಮೊದಲ ಒಳ್ಳೆಯ ವಾರದಲ್ಲಿ ಇವರು ಇಡಗುಂಜಿ ಗಣಪತಿ ದೇವಸ್ಥಾನಕ್ಕೆ ಹೋಗಿಬರುತ್ತೇನೆಂದು ಬೈಕ್ ಹತ್ತಿದರು. ಗುಂಪಿನಲ್ಲಿ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ನಾನು ಮನೆಯಲ್ಲೇ ಕೂತೆ. ತಾಸೆರಡು ತಾಸಿನಲ್ಲಿ ಬರಬೇಕಾದವರು ಮಧ್ಯಾಹ್ನ ದಾಟಿದ ಮೇಲೆ ಬಂದರು. ಒಂದು ಕೈಯಲ್ಲಿ ಪಂಚಕಜ್ಜಾಯದ ಪೊಟ್ಟಣ, ಇನ್ನೊಂದರಲ್ಲಿ ಕೇರಂ ಪೌಡರಿನ ಡಬ್ಬಿ. ಇಲ್ಲಿಯ ಪೌಡರು ತರಿ ಎಂದು, ಇಡಗುಂಜಿಯಿಂದ ಹೊನ್ನಾವರದ ತನಕ ಹೋಗಿ ತಾವು ಹಿಂದೆ ಕೊಳ್ಳುತ್ತಿದ್ದ ಅಂಗಡಿಯಿಂದ ತಂದಿದ್ದರು. "ಗಣಪತಿ ಹತ್ರ ಎಂತ ಕೇಳ್ಕಂಡ್ರಿ?" ಎಂದೆ. "ಕೇಳೂದು ಎಂತ, ಅವ್ನಿಗೆ ಗೊತ್ತಿಲ್ದಾ?" ಎಂದು ಡಬ್ಬಿಯ ಮುಚ್ಚಳ ಬಿಚ್ಚಿದರು. ಕಾಯಿಗಳನ್ನೆಲ್ಲ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒಂದೊಂದಾಗಿ ಒರೆಸಿದರು. ನಮ್ಮ ಕೆಂಪು ಕಾಯಿಗೆ ಇಷ್ಟು ಮರ್ಯಾದೆ ಅದರ ಜನ್ಮದಲ್ಲಿ ಸಿಕ್ಕಿರಲಿಲ್ಲ.

ಅಂದು ನಾನು ಗೆದ್ದೆ. ಮರುದಿನವೂ ಗೆದ್ದೆ. ಮುಂದಿನ ಕೀಮೋ ಆಗಿ, ಬಿದ್ದು ಎದ್ದು, ಮತ್ತೆ ನನ್ನ ವಾರ ಬಂದಾಗಲೂ ಗೆದ್ದೆ. ಕುಮಟೆಯ ಅಣ್ಣನಿಗೆ ಫೋನ್ ಮಾಡಿ, "ಆ ಔಷಧಿಲಿ ಎಂತ ಹಾಕ್ತ್ರೋ ಗೊತ್ತಿಲ್ಲ, ಆಟ ಮಾತ್ರ ಭಾರಿ ಸುಧಾರ್ಸದೆ" ಎಂದು ಕೊಚ್ಚಿಕೊಂಡೆ. ಅಣ್ಣ ನಗುವ ಬದಲು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ಹೀಗಿರುವಾಗ ಮೈಮೂನಕ್ಕ ಬಂದರು. ನಮ್ಮ ಹಿಂದಿನ ಓಣಿಯ ನವಾಯತ ಮುಸ್ಲಿಮರ ಮನೆಯವರು, ಎಪ್ಪತ್ತು ದಾಟಿದವರು. ಹಿಂದೆ ಗಂಡನ ಅಂಗಡಿ ಮುಂಬಯಿಯಲ್ಲಿದ್ದಾಗ ಅಲ್ಲಿಯ ವಠಾರದಲ್ಲಿ ವರ್ಷಗಟ್ಟಲೆ ಇದ್ದು ಬಂದವರು. ನನ್ನನ್ನು ನೋಡಲು ಬರುವವರಲ್ಲಿ ಹೆಚ್ಚಿನವರು ಬಾಗಿಲಲ್ಲೇ ಮುಖ ಬದಲಾಯಿಸಿಕೊಂಡು ಒಳಗೆ ಬರುತ್ತಿದ್ದರು. ಮೈಮೂನಕ್ಕ ಹಾಗಲ್ಲ. ಹೇಳುವ ಮೊದಲೇ ಸಾಬೂನು ಹಾಕಿ ಕೈ ತೊಳೆದು, ಕುರ್ಚಿ ಎಳೆದುಕೊಂಡು, ನಾವು ಆಡುತ್ತಿದ್ದ ಬೋರ್ಡನ್ನು ಕಣ್ಣು ಮಿಟುಕಿಸದೆ ನೋಡುತ್ತ ಕೂತರು. ನಾನು ಗೆದ್ದೆ. ನನ್ನ ಯಜಮಾನರು ಅಂಗಡಿಗೆ ಹೋದರು. ಗೇಟಿನ ಚಿಲಕದ ಸದ್ದಾಗುವವರೆಗೆ ಕಾದು ಮೈಮೂನಕ್ಕ ಹೇಳಿದರು:

"ಟೀಚರ್, ಒಂದು ಮಾತು ಹೇಳ್ತೇನೆ, ಬೇಜಾರ್ ಮಾಡ್ಬೇಡಿ. ನಿಮ್ಮ ಯಜಮಾನ್ರು ಬೇಕಂತಲೇ ಸೋಲ್ತಿದ್ದಾರೆ."

"ಛೆ, ಎಂತ ಹೇಳ್ತ್ರಿ ನೀವು!"

"ಅರೆ, ಆ ಮೂಲೆಯ ಬಿಳಿ ಕಾಯಿ ಸಣ್ಣ ಮಕ್ಕಳೂ ಹಾಕ್ತವೆ. ಅವರು ಅದರ ಪಕ್ಕದ ಖಾಲಿ ಜಾಗಕ್ಕೆ ಹೊಡೆದ್ರು. ಒಂದು ಸಲ ಅಲ್ಲ. ಖಾಲಿ ಜಾಗಕ್ಕೇ ಗುರಿ ಇಟ್ಟು ಹೊಡೆಯೋದೂ ಸುಲಭ ಅಲ್ಲ, ಒಳ್ಳೆ ಆಟಗಾರ." ಸೀರೆಯ ಸೆರಗು ಸರಿಮಾಡಿಕೊಂಡು ಎದುರಿಗೆ ಕೂತರು. "ಬನ್ನಿ, ನನ್ನ ಸಂಗಡ ಆಡಿ."

ಆಡಿದೆ. ಆ ಮುದುಕಿಯ ಚರ್ಮ ಸಡಿಲಾದ ಬೆರಳು ಸ್ಟ್ರೈಕರನ್ನು ಮುಟ್ಟಿದ ಮೇಲೆ ಅದು ಬೇರೆಯೇ ಪ್ರಾಣಿಯಾಗುತ್ತಿತ್ತು. ಕಾಯಿಗಳು ಒಂದರ ಹಿಂದೊಂದು ಮಾತಿಲ್ಲದೆ ಹೋಗಿ ಬಿದ್ದವು. ನನ್ನವೆಲ್ಲ ಬೋರ್ಡಿನ ಮೇಲೆಯೇ ಉಳಿದವು.

"ರೋಗಿ ಅಂತ ಸ್ವಲ್ಪವಾದ್ರೂ ಕರುಣೆ ಇಲ್ವಾ ನಿಮಗೆ?" ಎಂದೆ, ಅಳುವೋ ನಗುವೋ ತಿಳಿಯದ ದನಿಯಲ್ಲಿ.

"ಕರುಣೆ ಬೇಕಾದ್ರೆ ಶರಬತ್ತು ಮಾಡಿ ಕಳಿಸ್ತೇನೆ, ಗಂಜಿ ಮಾಡಿ ಕಳಿಸ್ತೇನೆ. ಬೋರ್ಡ್ ಮೇಲೆ ಕೇಳ್ಬೇಡಿ" ಎಂದರು. ಸಂಜೆ ನಿಜಕ್ಕೂ ಶರಬತ್ತು ಬಂತು.

ನನಗೆ ಇವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಾಯಿಬಿಟ್ಟು ಕೇಳಲಿಲ್ಲ. ಮರುದಿನ ಆಟಕ್ಕೆ ಕೂತಾಗ ನಾನೂ ಬೇಕೆಂದೇ ತಪ್ಪಿಸತೊಡಗಿದೆ. ಇವರು ಎಡಕ್ಕೆ ತಪ್ಪಿಸಿದರೆ ನಾನು ಬಲಕ್ಕೆ. ಇವರು ಮೆಲ್ಲಗೆ ತಳ್ಳಿ ನಡುವೆ ನಿಲ್ಲಿಸಿದರೆ ನಾನು ಜೋರಾಗಿ ಹೊಡೆದು ಚದುರಿಸುತ್ತಿದ್ದೆ. ಲೋಕದ ಯಾವ ಬೋರ್ಡಿನ ಮೇಲೂ ಅಂಥ ಆಟ ನಡೆದಿರಲಾರದು. ಕೆಂಪು ಕಾಯಿ ಪಾಕೆಟ್ಟಿನ ಬಾಯಲ್ಲಿ ಅರ್ಧ ಇಣುಕಿ ನಿಂತಿತ್ತು, ಉಸಿರು ಬಿಟ್ಟರೆ ಬೀಳಬೇಕು. ಇವರು ಅದನ್ನು ಮುಟ್ಟದೆ ದಾಟಿಸಿದರು. ನಾನೂ ದಾಟಿಸಿದೆ. ಮತ್ತೆ ಇವರು. ಮತ್ತೆ ನಾನು. ಸಾಕಾಗಿ ಹೋಯಿತು.

"ಹಾಕಿ ಅದ್ನ" ಎಂದೆ.

"ನೀನೇ ಹಾಕು."

"ಎಂತಕ್ಕೆ ನಂಗೆ ಮೋಸ ಮಾಡ್ತ್ರಿ?"

ಇವರು ಸ್ಟ್ರೈಕರನ್ನು ಅಂಗೈಯಲ್ಲಿ ಮುಚ್ಚಿಕೊಂಡರು. ಹೊರಗೆ ಮೀನಿನ ಗಾಡಿಯವನು ಹಾರ್ನ್ ಹೊಡೆಯುತ್ತ ಹೋದ. ಆ ಸದ್ದು ದೂರವಾದ ಮೇಲೆ ಹೇಳಿದರು, "ಮೋಸ ಅಲ್ಲ ಮಾರಾಯ್ತಿ. ಗೆದ್ರೆ ನೀ ಹಳೇ ಹಂಗೆ ನಗ್ತೆ. ಆಸ್ಪತ್ರೆಲಿ ನಂಗೆ ಮಾಡೂಕೆ ಎಂತದೂ ಇಲ್ಲ. ಕುರ್ಚಿ ಮೇಲೆ ಕೂತ್ಕಂಡಿ ಆ ಬಾಟ್ಲಿ ಖಾಲಿ ಆಗೂದ್ನ ನೋಡೂದು. ಇದೊಂದು ನನ್ ಕೈಲಿ ಆತಿತ್ತು."

ನನ್ನ ಸಿಟ್ಟು ಅಲ್ಲಿಗೇ ಇಳಿಯಬೇಕಿತ್ತು. ಇಳಿಯಲಿಲ್ಲ, ಯಾಕೆಂದರೆ ಅದರ ಕೆಳಗೆ ಬೇರೊಂದು ಹೆದರಿಕೆ ಕೂತಿತ್ತು. "ಅಲ್ಲ, ಬೋರ್ಡಲ್ಲಿ ನೀವು ಹಿಂಗೆ ಮಾಡದ್ರೆ, ಡಾಕ್ಟರ್ ಎಲ್ಲ ಸರಿ ಅದೆ ಅಂದ್ರು ಅಂತ ನೀವ್ ಹೇಳೂದ್ನ ನಾ ಹೆಂಗೆ ನಂಬೂದು? ಮೊನ್ನೆ ನನ್ನ ಹೊರಗೆ ಕೂರ್ಸಿ ನಿಮ್ಮೊಬ್ರನ್ನೇ ಒಳಗೆ ಕರದ್ರಲೆ. ಎಂತ ಹೇಳದ್ರು? ನಿಜ ಹೇಳಿ."

ಇವರು ಬೋರ್ಡಿನ ಮೇಲಿನ ಪೌಡರನ್ನು ಅಂಗೈಯಿಂದ ಒರೆಸುತ್ತ ಕೂತರು.

"ರಿಪೋರ್ಟ್ ಸರಿ ಅದೆ, ಅದು ದೇವ್ರಾಣೆ ನಿಜ. ಆದ್ರೆ ಮಳೆಗಾಲ್ದೊಳ್ಗೆ ಮುಗೀತದೆ ಅಂದಿದ್ನಲೆ, ಅದು ಆತಿಲ್ಲ. ಈಗಿನ ಔಷಧಿ ಆದ್ಮೇಲೆ ಇನ್ನೊಂದು ಬೇರೆ ಔಷಧಿ ಕೊಡ್ಬೇಕಂತೆ. ದೀಪಾವಳಿ ತನಕ ಆತದೆ. ಮತ್ತೆ…"

"ಮತ್ತೆ?"

"ಆ ಔಷಧಿಗೆ ಕೆಲವ್ರಿಗೆ ಬೆರಳ ತುದಿ ಜೋಮು ಹಿಡೀತದೆ ಅಂದ್ರು. ಮುಟ್ಟದ್ದು ಗೊತ್ತಾಗೂದಿಲ್ಲ ಅಂತೆ. ಅದ್ಕೇ, ಅದು ಶುರು ಆಗೂಕೆ ಮುಂಚೆ ನೀ ಎಷ್ಟ್ ಬೇಕೋ ಅಷ್ಟು ಗೆಲ್ಲಲಿ ಅಂತ…" ಅದೇ ಅಂಗೈಯಿಂದ ಮುಖ ಒರೆಸಿಕೊಂಡರು. ಕೆನ್ನೆಯ ಮೇಲೆಲ್ಲ ಪೌಡರು ಬಳಿದುಕೊಂಡಿತು. ಬಣ್ಣ ಅರ್ಧ ಹಚ್ಚಿಸಿಕೊಂಡು ಎದ್ದುಬಂದ ಯಕ್ಷಗಾನದ ವೇಷದವರ ಹಾಗೆ ಕಂಡರು.

ನಾನು ನನ್ನ ಬೆರಳುಗಳನ್ನು ನೋಡಿಕೊಂಡೆ. ಕೂದಲು ಹೋದಾಗ ಅಳಲಿಲ್ಲ, ಎದೆಯನ್ನು ತೆಗೆದಾಗಲೂ ಆಸ್ಪತ್ರೆಯ ಗಡಿಬಿಡಿಯಲ್ಲಿ ಅಳಲಿಲ್ಲ. ಈ ಒಂದು ಬೆರಳಿಗಾಗಿ ಅತ್ತೆ. ಅಳು ನಿಂತ ಮೇಲೆ ನನಗೊಂದು ಅನುಮಾನ ಬಂತು.

"ಅಂದಂಗೆ, ಹೆಣ್ಣು ನೋಡೂಕೆ ಬಂದಾಗ್ಲೂ ಹಿಂಗೇ ಸೋತದ್ದಾ?"

"ಛೆ ಛೆ, ಅದು ನಿಜಕ್ಕೂ ಸೋತದ್ದು. ಉಪ್ಪಿಟ್ಟು ಜಾಸ್ತಿ ಆಗಿತ್ತು."

ಇಬ್ಬರಿಗೂ ನಗು ಬಂತು. ಇನ್ನು ಮುಂದೆ ಬೋರ್ಡಿನ ಮೇಲೂ ಡಾಕ್ಟರ ಕೋಣೆಯ ವಿಷಯದಲ್ಲೂ ಸುಳ್ಳಿಲ್ಲ ಎಂದು ಮಾತಾಯಿತು. ಆ ಸಂಜೆಯೇ ಅವರು ನನ್ನನ್ನು ಹೀನಾಯವಾಗಿ ಸೋಲಿಸಿದರು. ಇಷ್ಟು ದಿನ ತಡೆದಿಟ್ಟ ಅಡ್ಡ ಕಟ್‌ಗಳೆಲ್ಲ ಒಮ್ಮೆಲೇ ಹೊರಬಂದವು.

ಎರಡನೇ ಔಷಧಿ ಮಳೆಯ ಜೊತೆಗೇ ಶುರುವಾಯಿತು. ವಾಂತಿ ಕಡಿಮೆ, ಮೈನೋವು ಹೆಚ್ಚು. ಡಾಕ್ಟರು ಹೇಳಿದ ಹಾಗೆಯೇ ಬೆರಳಿನ ತುದಿಗಳು ಒಂದೊಂದಾಗಿ ಮೌನವಾದವು. ಅಂಗಿಯ ಗುಂಡಿ ಹಾಕಲು ಕನ್ನಡಿ ಬೇಕಾಯಿತು. ಕೊತ್ತಂಬರಿ ಸೊಪ್ಪು ಬಿಡಿಸಲು ಹೋದರೆ ಕೈಯಲ್ಲಿ ಸೊಪ್ಪಿದೆಯೋ ಇಲ್ಲವೋ ನೋಡಿಯೇ ತಿಳಿಯಬೇಕು. ನನ್ನ ವಾರ ಬಂದಾಗ ಬೋರ್ಡಿಗೆ ಕೂತೆ. ಸ್ಟ್ರೈಕರ್ ಎಲ್ಲಿಗೋ ಹೊರಟು ಎಲ್ಲಿಗೋ ಹೋಯಿತು. ಒಂದು ಸಲವಂತೂ ಬೆರಳು ಚಿಮ್ಮಿದರೂ ಸ್ಟ್ರೈಕರ್ ಇದ್ದಲ್ಲೇ ಇತ್ತು, ನಾನು ಗಾಳಿಗೆ ಹೊಡೆದಿದ್ದೆ.

ಅವತ್ತು ಎದುರಿಗಿದ್ದವರು ಮೈಮೂನಕ್ಕ. ಅಯ್ಯೋ ಪಾಪ ಎನ್ನಲಿಲ್ಲ. "ಬೆರಳಿಗೆ ಗೊತ್ತಾಗದಿದ್ರೆ ಕಣ್ಣಿಗೆ ಗೊತ್ತಾಗ್ತದಲ್ಲ" ಎಂದರು. ಮುಂಬಯಿಯ ವಠಾರದಲ್ಲಿ ಅವರ ಗೆಳತಿಯೊಬ್ಬಳ ತೋರುಬೆರಳು ಹೊಲಿಗೆ ಮೆಷಿನ್ನಿಗೆ ಸಿಕ್ಕಿ ಮೊಂಡಾಗಿತ್ತಂತೆ. ಅವಳು ಮಧ್ಯದ ಬೆರಳಿನಲ್ಲಿ, ಹೆಬ್ಬೆರಳನ್ನು ಬೋರ್ಡಿಗೆ ಊರಿ, ಪ್ರತಿ ಹೊಡೆತಕ್ಕೂ ಬೆರಳನ್ನು ಕಣ್ಣಿನಿಂದ ನೋಡಿ ಸರಿಯಾಗಿ ಇಟ್ಟುಕೊಂಡು ಆಡುತ್ತಿದ್ದಳಂತೆ. "ನನ್ನನ್ನು ಎಷ್ಟು ಸಲ ಸೋಲಿಸಿದಳು, ಕೇಳ್ಬೇಡಿ. ಈಗಲೂ ನೆನಪಾದ್ರೆ ಸಿಟ್ಟು ಬರ್ತದೆ." ಎದ್ದು ಬಂದು ನನ್ನ ಕೈಯನ್ನು ಹಿಡಿದು ಬೆರಳನ್ನು ಮಡಚಿ ಕೂರಿಸಿದರು. ಅವರ ಕೈ ಬೆಚ್ಚಗಿತ್ತು ಎಂದು ನನ್ನ ಮಣಿಕಟ್ಟಿಗೆ ಗೊತ್ತಾಯಿತು, ಬೆರಳಿಗಲ್ಲ. ಅಕ್ಷರ ಕಲಿಯುವ ಮಗುವಿನಂತೆ ನಾಲಿಗೆ ಕಚ್ಚಿಕೊಂಡು ಹೊಡೆದೆ. ಕಾಯಿ ಬೀಳಲಿಲ್ಲ, ಆದರೆ ನಾನು ಹೇಳಿದ ಕಡೆಗೆ ಹೋಯಿತು. "ಬಸ್, ನಾಳೆ ಬೀಳ್ತದೆ" ಎಂದು ಹೇಳಿ ನನ್ನ ಕಾಯಿಗಳನ್ನೆಲ್ಲ ಹಾಗೇ ಬಿಟ್ಟು ತಮ್ಮವನ್ನು ಸ್ವಚ್ಛವಾಗಿ ಮುಗಿಸಿದರು.

ಜುಲೈಯಲ್ಲಿ ಒಂದು ಸಲ ಮಂಗಳೂರಿಗೆ ಹೋದಾಗ ರಕ್ತದಲ್ಲಿ ಬಿಳಿಕಣ ಕಡಿಮೆ ಇದೆ, ಕೀಮೋ ಒಂದು ವಾರ ಮುಂದಕ್ಕೆ ಎಂದರು. ಇವರ ಮುಖ ಚಿಕ್ಕದಾಯಿತು. ನನಗೂ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಉಡುಪಿ ದಾಟುವಷ್ಟರಲ್ಲಿ ಒಳಗೊಳಗೇ ಖುಷಿ ಚಿಗುರಿತು. ಟೀಚರಾದವಳಿಗೆ ಗೊತ್ತು, ಭಾರಿ ಮಳೆಯ ದಿನ ಬೆಳಿಗ್ಗೆ ಡಿ.ಸಿ. ಸಾಹೇಬರು ಶಾಲೆಗೆ ರಜೆ ಕೊಟ್ಟರೆಂದು ಸುದ್ದಿ ಬಂದಾಗ ಮಕ್ಕಳಿಗಿಂತ ಹೆಚ್ಚು ಕುಣಿಯುವವರು ಯಾರೆಂದು. ನನಗೆ ಸಿಕ್ಕಿದ್ದು ಅಂಥದೇ ರಜೆ. ಮೂರನೇ ವಾರದ ಮೇಲೆ ಇನ್ನೊಂದು ಮೂರನೇ ವಾರ! ಹೊರಗೆ ಹೋಗುವಂತಿಲ್ಲ, ಯಾರೂ ಬರುವಂತಿಲ್ಲ. ಜಡಿಮಳೆ. ಇವರು ಬ್ಯಾಟರಿ ಅಂಗಡಿಯಿಂದ ಬೇಗ ಬಂದು ಸ್ನಾನ ಮುಗಿಸಿಯೇ ಬೋರ್ಡಿನ ಮುಂದೆ ಕೂರುತ್ತಿದ್ದರು. ತಂಡಿಗೆ ಕಾಯಿಗಳು ನಡುದಾರಿಯಲ್ಲಿ ನಿಲ್ಲುತ್ತಿದ್ದವು. ಇವರು ಅಂಗಡಿಯ ದೊಡ್ಡ ಬಲ್ಬೊಂದನ್ನು ತಂದು ಬೋರ್ಡಿನ ಮೇಲೆ ತೂಗುಹಾಕಿದರು. ಅದರ ಬಿಸಿಗೆ ಕಾಯಿ ಓಡತೊಡಗಿದವು. ಮಧ್ಯದ ಬೆರಳಿಂದ ನನ್ನ ಮೊದಲ ಕಾಯಿ ಬಿದ್ದದ್ದು ಆ ವಾರ. ಆಟ ಮಾತ್ರ ಒಂದೂ ಗೆಲ್ಲಲಿಲ್ಲ. ಇವರು ಮಾತು ಉಳಿಸಿಕೊಂಡಿದ್ದರು, ಒಂದು ಕಾಯಿಯನ್ನೂ ದಾನ ಮಾಡಲಿಲ್ಲ. ಸೋತು ಊಟ ಮಾಡಿದ ದಿನಗಳಲ್ಲೂ ಅನ್ನ ರುಚಿಯಾಗಿತ್ತು.

ದೀಪಾವಳಿಗೆ ಮಗಳು ಧಾರವಾಡದಿಂದ ಬಂದಳು. ಹಬ್ಬ ಕಳೆದು ಕೊನೆಯ ಕೀಮೋ ಮುಗಿಯಿತು. ಸ್ಕ್ಯಾನ್ ನೋಡಿದ ಡಾಕ್ಟರು ಈ ಸಲ ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ, ಸದ್ಯಕ್ಕೆ ಏನೂ ಕಾಣುವುದಿಲ್ಲ ಎಂದರು. ಸದ್ಯಕ್ಕೆ ಎಂಬ ಮಾತನ್ನು ನಾನು ಮೊದಲು ಇಷ್ಟು ಗಮನವಿಟ್ಟು ಕೇಳಿದವಳಲ್ಲ. ಈಗ ಅದು ಸಾಕಷ್ಟು ಉದ್ದದ ಮಾತು ಎನಿಸುತ್ತದೆ. ತಲೆಯ ಮೇಲೆ ಕೂದಲು ಬರುತ್ತಿದೆ, ಮೊದಲಿಗಿಂತ ಗುಂಗುರಾಗಿ. ಬೆರಳಿನ ಜೋಮು ಮಾತ್ರ ಪೂರ್ತಿ ಹೋಗಿಲ್ಲ, ಹೋಗಲು ವರ್ಷವಾದರೂ ಆದೀತಂತೆ.

ಕಳೆದ ಭಾನುವಾರ ಸಂಜೆ ನಾವಿಬ್ಬರೂ ಆಡಿದೆವು. ನನಗೆ ಎರಡು ಕಾಯಿ ಬಾಕಿ, ಕೆಂಪು ಕಾಯಿ ನಡುವೆ. ಇವರಿಗೆ ಒಂದೇ ಬಾಕಿ. ಕೆಂಪಿಗೆ ಇವರು ಹೊಡೆದ ಅಡ್ಡ ಕಟ್ ಕೂದಲೆಳೆಯಲ್ಲಿ ತಪ್ಪಿತು. ನಾನು ಬೆರಳನ್ನು ನೋಡಿ ಇಟ್ಟುಕೊಂಡೆ. ಕೆಂಪು ಹೋಯಿತು, ಅದರ ಹಿಂದೆ ಒಂದು ಬಿಳಿ, ಆಮೇಲೆ ಕೊನೆಯದು ಎದುರಿನ ಅಂಚಿಗೆ ಬಡಿದು ಮರಳಿ ಬಂದು ನನ್ನ ಬಲಗಡೆಯ ಪಾಕೆಟ್ಟಿಗೆ ಸದ್ದಿಲ್ಲದೆ ಇಳಿಯಿತು.

ನಾನು ನಗಲಿಲ್ಲ. ತಲೆಯೆತ್ತಿ ಇವರ ಮುಖ ನೋಡಿದೆ. ಮತ್ತೆ ಸೋತುಕೊಟ್ಟರೋ?

ಇವರ ಮೂಗಿನ ಹೊಳ್ಳೆ ಅಗಲವಾಗಿತ್ತು. "ಇದೆಂತ ಬೋರ್ಡು, ಒಂದು ಬದಿ ತಗ್ಗು ಅದೆ" ಎಂದರು. ಬಗ್ಗಿ ಸ್ಟ್ಯಾಂಡಿನ ಕಾಲು ಅಲ್ಲಾಡಿಸಿದರು. ಅದು ಅಲ್ಲಾಡಲಿಲ್ಲ. ಪೌಡರು ಜಾಸ್ತಿಯಾಗಿದೆ ಎಂದರು. ತಾವು ಹೊಡೆಯುವ ಹೊತ್ತಿಗೇ ಹಿಂದಿನ ಓಣಿಯಲ್ಲಿ ಯಾರೋ ಕುಕ್ಕರ್ ಸೀಟಿ ಹೊಡೆಸಿದರು ಎಂದರು. ನಾನು ಚಹಾ ತಂದುಕೊಟ್ಟರೆ ಸಕ್ಕರೆ ಇಲ್ಲ ಎಂದರು. ಇತ್ತು. ಈ ಮನುಷ್ಯನಿಗೆ ನನ್ನ ಮೇಲೆ ಇಷ್ಟು ಚೆಂದದ ಸಿಟ್ಟು ಬಂದು ಎಷ್ಟು ತಿಂಗಳಾಗಿತ್ತು! ನೋಡುತ್ತ ನೋಡುತ್ತ ನನಗೆ ನಗು ಬಂತು.

"ನಗ್ತೆ ಎಂತಕ್ಕೆ? ಇನ್ನೊಂದ್ ಬೋರ್ಡ್ ಆಡುವ, ಕೂತ್ಕ" ಎಂದು ಕಾಯಿ ಜೋಡಿಸಲು ತೊಡಗಿದರು. "ಮೊದ್ಲು ಆ ಫ್ಯಾನ್ ಬಂದ್ ಮಾಡು. ಗಾಳಿಗೆ ಕಾಯೆಲ್ಲ ಹೊರ್ಳ್ತದೆ."

ಎದ್ದು ಫ್ಯಾನ್ ಬಂದ್ ಮಾಡಿದೆ. ಅದರಿಂದಲೂ ಅವರಿಗೆ ಏನೂ ಪ್ರಯೋಜನವಾಗಲಿಲ್ಲ.